ಪಾಠ ಬಿಟ್ಟವರಾ, ಬಿಡುವಿಲ್ಲದವರಾ?

ಈ ತಿಂಗಳು ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ ಸುತ್ತ ಇವೆ. ಆನ್‌ಲೈನ್ ಕೋರ್ಸ್‌ಗೆ ಸೇರಿದವರು ಸ್ವಲ್ಪ ಹೊತ್ತೋ ಸ್ವಲ್ಪ ದಿನವೋ ಸುಮ್ಮನಿದ್ದರೆ ಕೋರ್ಸ್ ತಾನಾಗಿ ಮುಚ್ಚಿಕೊಳ್ಳುತ್ತದಲ್ಲ, ಅದರ ಬಗ್ಗೆ. ಮುಚ್ಚಿಸಿಕೊಂಡವರೂ ಬರೆದಿದ್ದಾರೆ, ಮುಚ್ಚುವವರೂ ಬರೆದಿದ್ದಾರೆ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ.

ಅಕ್ಕೋರೆ, ನಾನು ಆಸ್ಪತ್ರೆಯಲ್ಲಿ ನರ್ಸ್. ಕಡ್ಡಾಯ ತರಬೇತಿ ಅಂತ ಒಂದು ಆನ್‌ಲೈನ್ ಕೋರ್ಸ್ ಕೊಟ್ಟಿದ್ದಾರೆ. ಡ್ಯೂಟಿ ರೂಮಿನ ಕಂಪ್ಯೂಟರ್‌ನಲ್ಲೇ ಮಾಡಬೇಕು. ನಡುವೆ ಪೇಶೆಂಟ್ ಕರೆದರೆ ಎದ್ದು ಹೋಗುತ್ತೇನೆ. ವಾಪಸ್ ಬಂದರೆ ‘ಸೆಷನ್ ಮುಗಿದಿದೆ’ ಅಂತ ಬಂದಿರುತ್ತದೆ. ಮೂರು ಸಲ ಮೊದಲಿನಿಂದ ಶುರು ಮಾಡಿದೆ. ನಾನೇನು ತಪ್ಪು ಮಾಡುತ್ತಿದ್ದೇನೆ? — ಕಾರವಾರ

ನೀವು ಏನೂ ತಪ್ಪು ಮಾಡಿಲ್ಲ ತಂಗಿ. ಇದನ್ನು ಮೊದಲು ಹೇಳಬೇಕು, ಯಾಕೆಂದರೆ ಇಂಥ ಪತ್ರ ಬರೆಯುವವರೆಲ್ಲ ತಮ್ಮನ್ನೇ ಬೈದುಕೊಳ್ಳುತ್ತಾರೆ.

ನಡೆಯುತ್ತಿರುವುದು ಇಷ್ಟು. ನೀವು ಮೌಸ್ ಮುಟ್ಟದೆ, ಕೀಬೋರ್ಡ್ ಒತ್ತದೆ ಇಂತಿಷ್ಟು ನಿಮಿಷ ಆದರೆ ಎದುರಿಗೆ ಯಾರೂ ಇಲ್ಲ ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ನೀವು ಹತ್ತಡಿ ದೂರದಲ್ಲಿ ಒಬ್ಬರಿಗೆ ಡ್ರಿಪ್ ಹಾಕುತ್ತಿದ್ದೀರಿ ಅನ್ನುವುದು ಅದಕ್ಕೆ ಕಾಣುವುದಿಲ್ಲ. ಕೆಲವು ಕೋರ್ಸ್‌ಗಳಲ್ಲಿ ಕುರ್ಚಿಯಲ್ಲೇ ಕೂತು ವೀಡಿಯೊ ನೋಡುತ್ತಿದ್ದರೂ, ಕೈ ಆಡಿಸಲಿಲ್ಲ ಅಂದರೆ ಯಾರೂ ಇಲ್ಲ ಅಂತಲೇ ಲೆಕ್ಕ.

ಹಾಗಂತ ಮುಚ್ಚುವುದೇ ತಪ್ಪು ಅನ್ನಲಾರೆ. ಡ್ಯೂಟಿ ರೂಮಿನ ಕಂಪ್ಯೂಟರ್ ಹತ್ತು ಜನ ಬಳಸುವಂಥದ್ದು ಅಲ್ವಾ? ನಿಮ್ಮ ಹೆಸರಿನಲ್ಲಿ ತೆರೆದಿಟ್ಟ ಕೋರ್ಸ್‌ನಲ್ಲಿ ಮುಂದಿನ ಪಾಳಿಯವರು ಗೊತ್ತಿಲ್ಲದೆ ಉತ್ತರ ಒತ್ತಿಬಿಟ್ಟರೆ ಆ ಅಂಕ ನಿಮ್ಮ ಹೆಸರಿಗೇ ಬೀಳುತ್ತದೆ. ಸೈಬರ್ ಸೆಂಟರ್‌ನಲ್ಲೂ ಇದೇ ಕತೆ. ತಪ್ಪಿರುವುದು ಮುಚ್ಚಿದ್ದರಲ್ಲಿ ಅಲ್ಲ, ಮುಚ್ಚುವ ಮೊದಲು ನೀವು ಮಾಡಿದ್ದನ್ನು ಉಳಿಸದೇ ಇದ್ದದ್ದರಲ್ಲಿ. ಇನ್ನೊಂದು ತಪ್ಪು, ‘ಇದ್ದೀರಾ?’ ಅಂತ ಒಂದು ಮಾತು ಕೇಳದೇ ಇದ್ದದ್ದು.

ಈಗ ನೀವು ಮಾಡಬಹುದಾದದ್ದು. ಬಹಳಷ್ಟು ಕೋರ್ಸ್‌ಗಳು ಪುಟ ತಿರುಗಿಸಿದಾಗ ಮಾತ್ರ ಉಳಿಸಿಕೊಳ್ಳುತ್ತವೆ, ವೀಡಿಯೊದ ನಡುವೆ ಎದ್ದರೆ ಆ ಭಾಗ ಹೋಯಿತು. ಹಾಗಾಗಿ ಕರೆ ಬಂದಾಗ ಒಂದೇ ಕ್ಷಣ ಸಿಕ್ಕರೂ ಕೋರ್ಸ್‌ನ ಒಳಗೇ ಇರುವ ‘ಎಕ್ಸಿಟ್’ ಬಟನ್ ಒತ್ತಿ ಏಳಿ. ಮೇಲಿನ ಮೂಲೆಯ ಕ್ರಾಸ್ ಒತ್ತಬೇಡಿ, ಎರಡೂ ಒಂದೇ ಅಲ್ಲ. ಮುಂದಿನ ಸಲ ಆ ಸಂದೇಶ ಬಂದಾಗ ಗಡಿಯಾರ ಕಾಣುವ ಹಾಗೆ ಫೋಟೊ ತೆಗೆದುಕೊಂಡು, ತರಬೇತಿ ನೋಡಿಕೊಳ್ಳುವವರಿಗೆ ಕಳಿಸಿ. ‘ಎಷ್ಟು ನಿಮಿಷಕ್ಕೆ ಮುಚ್ಚುವ ಹಾಗೆ ಇಟ್ಟಿದ್ದೀರಿ, ಅದನ್ನು ಹೆಚ್ಚು ಮಾಡಿ’ ಅಂತಲೇ ಕೇಳಿ. ಅದು ಸಾಮಾನ್ಯವಾಗಿ ಸೆಟ್ಟಿಂಗ್‌ನಲ್ಲಿ ಬದಲಾಯಿಸುವ ಒಂದು ಅಂಕಿ ಅಷ್ಟೇ.

ನಾನು ಕುಮಟಾದ ಹುಡುಗ. ಮನೆಯಿಂದಲೇ ಕಂಪನಿಗಳಿಗೆ ಟ್ರೇನಿಂಗ್ ಕೋರ್ಸ್ ತಯಾರಿಸಿ ಕೊಡುವ ಕೆಲಸ. ಕಲಿಯುವವರು 15 ನಿಮಿಷ ಸುಮ್ಮನಿದ್ದರೆ ಕೋರ್ಸ್ ತಾನಾಗಿ ಮುಚ್ಚಬೇಕು ಅಂತ ಕ್ಲೈಂಟ್ ಹೇಳುತ್ತಿದ್ದಾರೆ. ಕೋರ್ಸ್ ನಡೆಸುವ ಸಾಫ್ಟ್‌ವೇರ್‌ಗೆ (ಎಲ್‌ಎಂಎಸ್) ಓದಿನ ಲೆಕ್ಕ ಕಳಿಸುವ ಸ್ಕಾರ್ಮ್ 1.2 ಮಾದರಿಯ ಪ್ಯಾಕೇಜ್. ಟೈಮರ್ ಹಾಕಿ ಕಿಟಕಿ ಮುಚ್ಚುವ ಕೋಡ್ ಬರೆದೆ. ಕೆಲವೊಮ್ಮೆ ಮುಚ್ಚುತ್ತದೆ, ಕೆಲವೊಮ್ಮೆ ಇಲ್ಲ. ಮುಚ್ಚಿದಾಗ ಎಲ್ಲಿಯವರೆಗೆ ಓದಿದ್ದರು ಅನ್ನುವುದೂ ಉಳಿಯುತ್ತಿಲ್ಲ. — ಕುಮಟಾ

ತಮ್ಮಾ, ನಿನ್ನ ಪತ್ರವನ್ನೂ ಮೇಲಿನ ಕಾರವಾರದ ಪತ್ರವನ್ನೂ ಒಟ್ಟಿಗೆ ಓದಿದೆ. ನೀನೂ ಅವರ ಪತ್ರ ಒಮ್ಮೆ ಓದು. ನೀನು ಬರೆಯುವ ಟೈಮರ್‌ನ ಆಚೆ ತುದಿಯಲ್ಲಿ ಅವರಂಥವರೇ ಕೂತಿರುತ್ತಾರೆ.

ಮೊದಲು ಕ್ಲೈಂಟ್ ಹತ್ತಿರ ಕೇಳು, ಯಾಕೆ ಮುಚ್ಚಬೇಕು ಅಂತ. ಹೆಚ್ಚಿನವರ ಚಿಂತೆ, ಕೋರ್ಸ್ ತೆರೆದಿಟ್ಟು ಊಟಕ್ಕೆ ಹೋದವರೂ ಮೂರು ತಾಸು ಓದಿದ್ದಾರೆ ಅಂತ ರಿಪೋರ್ಟ್‌ನಲ್ಲಿ ಬರುತ್ತದೆ ಅನ್ನುವುದು. ಇದೇ ಕಾರಣ ಆದರೆ ಬಾಗಿಲು ಮುಚ್ಚುವ ಅಗತ್ಯವೇ ಇಲ್ಲ, ಗಡಿಯಾರ ನಿಲ್ಲಿಸಿದರೆ ಸಾಕು. ಎಷ್ಟು ಹೊತ್ತು ಓದಿದರು ಅನ್ನುವ ಸೆಷನ್ ಟೈಮ್ ಕಳಿಸುವುದು ನಿನ್ನ ಕೋರ್ಸೇ ಅಲ್ವಾ, ಸುಮ್ಮನಿದ್ದ ಹೊತ್ತನ್ನು ಕಳೆದು ಕಳಿಸು. ಹಂಚಿಕೊಂಡು ಬಳಸುವ ಕಂಪ್ಯೂಟರ್ ಅನ್ನುವ ಕಾರಣ ಕೊಟ್ಟರೆ ಮಾತ್ರ ಮುಚ್ಚುವ ಮಾತು.

ಮುಚ್ಚಲೇಬೇಕಾದರೆ ಹೀಗೆ. ಕಿಟಕಿ ಕೆಲವೊಮ್ಮೆ ಮುಚ್ಚದಿರುವುದು ನಿನ್ನ ಕೋಡ್‌ನ ದೋಷ ಅಲ್ಲ. ಒಂದು ಸ್ಕ್ರಿಪ್ಟ್ ತೆರೆದ ಕಿಟಕಿಯನ್ನು ಮಾತ್ರ ಸ್ಕ್ರಿಪ್ಟ್ ಮುಚ್ಚಬಹುದು, ಬಳಸುವವರು ತಾವೇ ತೆರೆದ ಟ್ಯಾಬನ್ನು ಮುಚ್ಚಲು ಬ್ರೌಸರ್ ಬಿಡುವುದಿಲ್ಲ. ಕೋರ್ಸ್ ಪಾಪ್‌ಅಪ್‌ನಲ್ಲಿ ತೆರೆದರೆ ಮುಚ್ಚುತ್ತದೆ, ಅದೇ ಟ್ಯಾಬ್‌ನಲ್ಲಿ ತೆರೆದರೆ ಮುಚ್ಚುವುದಿಲ್ಲ. ಹಾಗಾಗಿ ಕಿಟಕಿ ಮುಚ್ಚುವುದನ್ನೇ ನಂಬಿಕೊಳ್ಳಬೇಡ. ‘ನಿಮ್ಮ ಓದು ಉಳಿದಿದೆ, ಮುಂದುವರಿಸಲು ಮತ್ತೆ ತೆರೆಯಿರಿ’ ಅಂತ ಒಂದು ಪುಟ ತೋರಿಸಿ ನಿಲ್ಲಿಸು.

ಉಳಿಯದಿರುವುದಕ್ಕೆ ಕಾರಣ ಬೇರೆ. ಮುಚ್ಚುವ ಮೊದಲು ಎಲ್ಲಿದ್ದಾರೆ ಅನ್ನುವುದನ್ನು ಲೆಸನ್ ಲೊಕೇಶನ್‌ನಲ್ಲಿ, ಉಳಿದ ವಿವರವನ್ನು ಸಸ್ಪೆಂಡ್ ಡೇಟಾದಲ್ಲಿ ಬರೆಯಬೇಕು, ಎಕ್ಸಿಟ್ ಅನ್ನು ‘ಸಸ್ಪೆಂಡ್’ ಅಂತ ಇಡಬೇಕು, ಆಮೇಲೆ ಉಳಿಸುವ ಆದೇಶ ‘ಕಮಿಟ್’, ಕೊನೆಗೆ ಮುಗಿಸುವ ಆದೇಶ ‘ಫಿನಿಶ್’. ಈ ‘ಸಸ್ಪೆಂಡ್’ ಪದ ಬಿಟ್ಟುಹೋದರೆ ಮುಂದಿನ ಸಲ ಹೊಸ ಪ್ರಯತ್ನ ಅಂತ ಮೊದಲಿನಿಂದ ಶುರುವಾಗುತ್ತದೆ. ನೀನು ಎಡವಿರುವುದು ಇಲ್ಲೇ ಅಂತ ನನ್ನ ಅಂದಾಜು. ಸಸ್ಪೆಂಡ್ ಡೇಟಾಗೆ 1.2ರಲ್ಲಿ 4096 ಅಕ್ಷರದ ಮಿತಿ ಇದೆ, ದೊಡ್ಡ ಕೋರ್ಸ್ ಆದರೆ ಅದೂ ತುಂಬಿ ಹೋಗಬಹುದು, ನೋಡಿಕೋ. ಫಿನಿಶ್ ಆದ ಮೇಲೆ ಆ ಕಿಟಕಿಯಿಂದ ಒಂದಕ್ಷರವೂ ಉಳಿಯುವುದಿಲ್ಲ. ಪರದೆ ಹಾಗೇ ಬಿಟ್ಟರೆ ವಾಪಸ್ ಬಂದವರು ಓದುತ್ತಲೇ ಹೋಗುತ್ತಾರೆ, ಎಲ್ಲ ನೀರಿನ ಮೇಲೆ ಬರೆದ ಹಾಗೆ. ಮುಚ್ಚಿದೆ ಅಂತ ಸ್ಪಷ್ಟವಾಗಿ ಕಾಣಬೇಕು ಅನ್ನುವುದು ಇದಕ್ಕೇ.

ಟೈಮರ್ ಬಗ್ಗೆ ಒಂದು ಮಾತು. ಸೆಕೆಂಡ್ ಎಣಿಸುವ ಟೈಮರ್ ಬೇಡ. ಫೋನ್‌ನಲ್ಲಿ ವಾಟ್ಸಾಪ್ ನೋಡಲು ಹೋದರೆ ಹಿಂದಿರುವ ಪುಟದ ಟೈಮರನ್ನು ಬ್ರೌಸರ್ ನಿಧಾನ ಮಾಡುತ್ತದೆ. ಕ್ರೋಮ್‌ನಲ್ಲಂತೂ 2021ರಿಂದ, ಐದು ನಿಮಿಷಕ್ಕಿಂತ ಜಾಸ್ತಿ ಮರೆಯಲ್ಲಿದ್ದ ಪುಟದ ಟೈಮರ್ ನಿಮಿಷಕ್ಕೊಮ್ಮೆ ಮಾತ್ರ ಓಡುವುದುಂಟು. ಕೊನೆಯ ಸಲ ಮುಟ್ಟಿದ ಗಂಟೆ ಎಷ್ಟು ಅಂತ ಬರೆದಿಟ್ಟುಕೋ, ಪುಟ ಮತ್ತೆ ಕಂಡಾಗ ಈಗಿನ ಗಂಟೆಯ ಜೊತೆ ಹೋಲಿಸು. ಪುಟ ಮರೆಯಾಗುವ ಹೊತ್ತಿಗೇ ಒಂದು ಸಲ ಉಳಿಸಿಬಿಡು, ಫೋನ್‌ನಲ್ಲಿ ‘ಮುಚ್ಚುವಾಗ ಉಳಿಸುತ್ತೇನೆ’ ಅಂತ ಕಾದರೆ ಆ ಗಳಿಗೆ ಬರದೇ ಹೋಗಬಹುದು. ವೀಡಿಯೊ ಓಡುತ್ತಿದ್ದರೆ ಅದನ್ನು ಸುಮ್ಮನಿರುವುದು ಅಂತ ಲೆಕ್ಕ ಹಾಕಬೇಡ. ಮತ್ತೆ ನಿನ್ನ 15 ನಿಮಿಷ, ಕೋರ್ಸ್ ಇರುವ ಎಲ್‌ಎಂಎಸ್‌ನ ಲಾಗಿನ್ ಅವಧಿಗಿಂತ ಕಡಿಮೆ ಇರಲಿ. ಲಾಗಿನ್ ಮೊದಲೇ ಸತ್ತುಹೋಗಿದ್ದರೆ ನೀನು ಕಮಿಟ್ ಮಾಡಿದ್ದೂ ಸೇರುವುದಿಲ್ಲ.

ಮುಚ್ಚುವ ಮೊದಲು ಎಚ್ಚರಿಕೆ ಕೊಡು. ಇದು ನನ್ನ ಆಸೆ ಮಾತ್ರ ಅಲ್ಲ. ಅಂಗವಿಕಲರಿಗೂ ಬಳಸಲು ಬರುವಂತೆ ವೆಬ್ ಪುಟ ಹೇಗಿರಬೇಕು ಅನ್ನುವುದಕ್ಕೆ ಡಬ್ಲ್ಯುಸಿಎಜಿ ಅಂತ ಅಂತರರಾಷ್ಟ್ರೀಯ ಮಾನದಂಡ ಇದೆ, 2008ರಿಂದಲೂ ಅದರಲ್ಲಿ ಈ ನಿಯಮ ಇದೆ. ಸಮಯದ ಮಿತಿಯನ್ನು ತೆಗೆಯಲೂ ಬದಲಾಯಿಸಲೂ ಬಿಡದಿದ್ದರೆ, ಮುಗಿಯುವ ಮೊದಲು ತಿಳಿಸಬೇಕು, ಒಂದು ಸರಳ ಕೆಲಸದಿಂದ ಮುಂದುವರಿಸಲು ಕನಿಷ್ಠ 20 ಸೆಕೆಂಡ್ ಕೊಡಬೇಕು, ಹಾಗೆ ಹತ್ತು ಸಲವಾದರೂ ಮುಂದುವರಿಸಲು ಬಿಡಬೇಕು. ಕಣ್ಣು ಮಂಜಾದವರು, ನಿಧಾನ ಓದುವವರು, ಒಂದೇ ಕೈಯಲ್ಲಿ ಟೈಪ್ ಮಾಡುವವರು, ಇವರೆಲ್ಲ ಸುಮ್ಮನೆ ಕೂತಿಲ್ಲ. ಅವರಿಗೆ 20 ಸೆಕೆಂಡ್ ಕೂಡ ಕಡಿಮೆಯೇ. ನಾನಾಗಿದ್ದರೆ ಎರಡು ನಿಮಿಷ ಇಡುತ್ತಿದ್ದೆ. ಕ್ಲೈಂಟ್ ಬೇಡ ಅಂದರೆ ಈ ಮಾನದಂಡದ ಹೆಸರು ಹೇಳು.

ನಮ್ಮದು ಶಿರಸಿಯ ಸಣ್ಣ ಮಹಿಳಾ ಸಂಘ. ಟ್ಯಾಲಿ ಮತ್ತು ಕನ್ನಡ ಟೈಪಿಂಗ್ ಕಲಿಸಲು ಮೂಡಲ್ ಅನ್ನುವ, ಆನ್‌ಲೈನ್ ಪಾಠ ನಡೆಸುವ ಸಾಫ್ಟ್‌ವೇರ್‌ನಲ್ಲಿ ಕೋರ್ಸ್ ಮಾಡಿದ್ದೇವೆ. ಹಳ್ಳಿಗಳಿಂದ, ಕರಾವಳಿ ಕಡೆಯಿಂದಲೂ ಸೇರಿದ್ದಾರೆ. 60 ಜನರ ಪೈಕಿ ಈಗ ನಿಯಮಿತವಾಗಿ ಬರುವವರು 18. 30 ದಿನ ಬರದವರನ್ನು ತಾನಾಗಿ ತೆಗೆದುಹಾಕುವ ಸೆಟ್ಟಿಂಗ್ ಇದೆಯಂತೆ. ಹಾಕಬಹುದಾ ಅಕ್ಕೋರೆ? — ಶಿರಸಿ

ಸೆಟ್ಟಿಂಗ್ ಇದೆ. ಹಾಕುವ ಮೊದಲು ನನ್ನದೊಂದು ವಿಷಯ ಕೇಳಿ.

ಕೆಲವು ವರ್ಷದ ಹಿಂದೆ ನಾನು ಪಾಠ ಮಾಡುತ್ತಿದ್ದ ಕಡೆ ಇದೇ 30 ದಿನದ ನಿಯಮ ಹಾಕಿದ್ದೆವು. ನಾನೇ ಒಪ್ಪಿಗೆ ಕೊಟ್ಟಿದ್ದೆ. ಒಂದು ದಿನ ಕಡಲಬದಿಯ ಊರಿನ ಒಬ್ಬಳು ಮಗುವನ್ನು ಎತ್ತಿಕೊಂಡು, ಬಸ್ಸು ಹತ್ತಿ ಸೆಂಟರ್‌ಗೆ ಬಂದಳು. ಕೈಯಲ್ಲಿ ಒಂದು 200 ಪುಟದ ನೋಟ್‌ಬುಕ್. ‘ಅಕ್ಕೋರೆ, ಕೋರ್ಸ್‌ನಲ್ಲಿ ನನ್ನ ಹೆಸರೇ ಇಲ್ವಲ್ಲ’ ಅಂದಳು. ಮನೆಯಲ್ಲಿ ಇದ್ದದ್ದು ಒಂದೇ ಸ್ಮಾರ್ಟ್‌ಫೋನ್. ಗಂಡ ಬೋಟಿಗೆ ಹೋಗುವಾಗ ಅದು ಅವನ ಜೊತೆ ಹೋಗುತ್ತಿತ್ತು. ಅದಕ್ಕೇ ಅವಳು ಫೋನ್ ಇದ್ದ ದಿನಗಳಲ್ಲಿ ಪಾಠ ಪೂರ್ತಿ ಕೈಯಲ್ಲಿ ಬರೆದುಕೊಂಡು, ಫೋನ್ ಇಲ್ಲದ ದಿನಗಳಲ್ಲಿ ಆ ನೋಟ್‌ಬುಕ್ ಇಟ್ಟುಕೊಂಡು ಲೆಕ್ಕ ಬಿಡಿಸುತ್ತಿದ್ದಳು. ನಮ್ಮ ತರಗತಿಯಲ್ಲಿ ಅವಳಷ್ಟು ಓದಿದವರು ಇನ್ನೊಬ್ಬರಿರಲಿಲ್ಲ. ನಮ್ಮ ಕಂಪ್ಯೂಟರ್‌ನ ಲೆಕ್ಕದಲ್ಲಿ ಅವಳು ಬಿಟ್ಟುಹೋದವಳು. ಆ ನೋಟ್‌ಬುಕ್ಕಿನ ಪುಟಗಳು ಈಗಲೂ ನನ್ನ ಕಣ್ಣ ಮುಂದಿವೆ. ಅವತ್ತೇ ಆ ನಿಯಮ ತೆಗೆಸಿದೆ.

ಕೋರ್ಸ್ ತೆರೆಯುವುದೂ ಕಲಿಯುವುದೂ ಒಂದೇ ಅಲ್ಲ. ಮೂಡಲ್ ನೋಡುವುದು ಕೊನೆಯ ಸಲ ಯಾವಾಗ ಬಂದರು ಅನ್ನುವುದನ್ನು ಮಾತ್ರ. ಪುಟ ತೆರೆದು ಓದದೆ ಮುಚ್ಚಿದವರು ಅದರ ಕಣ್ಣಿಗೆ ಇದ್ದಾರೆ, ಮೊಬೈಲ್ ಆ್ಯಪ್‌ಗೆ ಪಾಠ ಇಳಿಸಿಕೊಂಡು ನೆಟ್ ಇಲ್ಲದ ಕಡೆ ಕೂತು ಓದುವವರು, ಮತ್ತೆ ನೆಟ್ ಸಿಕ್ಕಿ ಸಿಂಕ್ ಆಗುವವರೆಗೆ ಇಲ್ಲ.

ನಿಮ್ಮ ಕಡೆಯ ವರ್ಷ ಹೇಗೆ ಓಡುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅಡಿಕೆ ಕೊನೆ ಕೊಯ್ಲು ಶುರುವಾದರೆ ತೋಟದ ಮನೆಯ ಹೆಂಗಸರಿಗೆ ಹಗಲೂ ಇಲ್ಲ ರಾತ್ರಿಯೂ ಇಲ್ಲ, ಅಂಗಳದಲ್ಲಿ ಅಡಿಕೆ ರಾಶಿ ಬಿದ್ದಿರುವಾಗ ಯಾರು ಟ್ಯಾಲಿ ತೆರೆಯುತ್ತಾರೆ? ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಒಳ ಊರುಗಳಿಗೆ ಕರೆಂಟ್ ಯಾವಾಗ ಬಂತೋ ಆವಾಗ. ಕೊಳೆ ರೋಗಕ್ಕೆ ಮದ್ದು ಹೊಡೆಸುವ ಓಡಾಟ ಬೇರೆ. ಕರಾವಳಿಯವರದ್ದು ಇದಕ್ಕೆ ಉಲ್ಟಾ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಗ ಗಂಡಸರೂ ಫೋನೂ ಮನೆಯಲ್ಲಿರುತ್ತಾರೆ, ಓದಲು ಅದೇ ಸಮಯ. ಆಗಸ್ಟ್ ಬಂತೋ, ಬೆಳಗ್ಗೆ ಎದ್ದರೆ ಮೀನು ಮಾರ್ಕೆಟ್. ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಒಂದೇ 30 ದಿನ ಅಂದರೆ ವರ್ಷದಲ್ಲಿ ಎರಡು ಸಲ ಅರ್ಧರ್ಧ ತರಗತಿಯನ್ನು ತೆಗೆದುಹಾಕಿದ ಹಾಗಾಗುತ್ತದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಎಷ್ಟೋ ದಿನ ಬಂದ್ ಆಗಿತ್ತು. ಆ ತಿಂಗಳು ಆ ಕಡೆಯವರು ಕೋರ್ಸ್ ತೆರೆಯಲಿಲ್ಲ ಅಂತ ಅವರಿಗೆ ಆಸಕ್ತಿ ಇಲ್ಲ ಅನ್ನಲು ಯಾರಿಗೆ ಬಾಯಿ ಬರುತ್ತದೆ ಹೇಳಿ?

ಈಗ ಸೆಟ್ಟಿಂಗ್ ವಿಷಯ. ಸೆಲ್ಫ್ ಎನ್‌ರೋಲ್‌ಮೆಂಟ್ ಒಳಗೆ ‘ಇಷ್ಟು ದಿನ ಬರದಿದ್ದರೆ ಅನ್‌ಎನ್‌ರೋಲ್ ಮಾಡು’ ಅನ್ನುವ ಆಯ್ಕೆ ಇದೆ. ಇದು ತಾವಾಗಿ ಸೇರಿದವರಿಗೆ ಮಾತ್ರ. ನೀವು ಒಬ್ಬೊಬ್ಬರನ್ನೇ ಕೈಯಾರೆ ಸೇರಿಸಿದ್ದರೆ ಅವರಿಗೆ ತಾಗುವುದಿಲ್ಲ. ಅನ್‌ಎನ್‌ರೋಲ್ ಅಂದರೆ ಪಟ್ಟಿಯಿಂದಲೇ ಹೆಸರು ಹೋಗುತ್ತದೆ, ಅಂಕಪಟ್ಟಿಯಿಂದ, ಗುಂಪಿನಿಂದ ಎಲ್ಲ ಕಡೆಯಿಂದ. ಈಗಾಗಲೇ ಹಾಗೆ ಆಗಿದ್ದರೆ, ಮತ್ತೆ ಸೇರಿಸುವಾಗ ‘ಹಳೆಯ ಗ್ರೇಡ್ ವಾಪಸ್ ತರು’ ಅನ್ನುವುದಕ್ಕೆ ಟಿಕ್ ಹಾಕಿ, ಬಹಳಷ್ಟು ಸಲ ಅಂಕ ವಾಪಸ್ ಬರುತ್ತದೆ. ಗುಂಪಿಗೆ ಮಾತ್ರ ನೀವೇ ಸೇರಿಸಬೇಕು.

ನಾನು ಹೇಳುವುದು ಆ ಆಯ್ಕೆಯನ್ನು ‘ನೆವರ್’ ಅಂತಲೇ ಬಿಡಿ. ಬದಲಿಗೆ ಸೇರಿದ ದಿನದಿಂದ ಇಷ್ಟು ದಿನ ಅಂತ ಕೋರ್ಸ್‌ನ ಅವಧಿ ಇಡಿ, ನಿಮ್ಮಂಥ ಕೋರ್ಸ್‌ಗೆ ಒಂದು ವರ್ಷ ಇಟ್ಟರೆ ಒಂದು ಕೊಯ್ಲು, ಒಂದು ಮಳೆಗಾಲ ಎರಡೂ ಒಳಗೆ ಬರುತ್ತವೆ. ಅವಧಿ ಮುಗಿದಾಗ ಏನಾಗಬೇಕು ಅನ್ನುವುದನ್ನು ಸೈಟ್ ಅಡ್ಮಿನ್ ಕಡೆ ಆರಿಸಬಹುದು, ಅಲ್ಲಿ ಅನ್‌ಎನ್‌ರೋಲ್ ಬೇಡ, ಪ್ರವೇಶವನ್ನು ಮಾತ್ರ ತಡೆಯುವ ಆಯ್ಕೆ ಹಾಕಿ. ಹೆಸರು, ಅಂಕ ಎಲ್ಲ ಹಾಗೇ ಇರುತ್ತದೆ, ಬಾಗಿಲು ಮಾತ್ರ ಹಾಕಿರುತ್ತದೆ. ಅವರು ಬಂದು ಕೇಳಿದ ದಿನ ನೀವು ತೆರೆದು ಕೊಡಬಹುದು. ಅವಧಿ ಮುಗಿಯುವ ಮೊದಲು ತಿಳಿಸುವ ಸೆಟ್ಟಿಂಗ್ ಕೋರ್ಸ್‌ನ ಸೆಲ್ಫ್ ಎನ್‌ರೋಲ್‌ಮೆಂಟ್ ಒಳಗೇ ಇದೆ, ಅದನ್ನೂ ಆನ್ ಮಾಡಿ. ಇದೆಲ್ಲ ನಡೆಯಬೇಕಾದರೆ ಸರ್ವರ್‌ನಲ್ಲಿ ‘ಕ್ರಾನ್’ (ಹೊತ್ತುಹೊತ್ತಿಗೆ ಕೆಲಸಗಳನ್ನು ತಾನಾಗಿ ನಡೆಸುವ ವ್ಯವಸ್ಥೆ) ಓಡುತ್ತಿರಬೇಕು, ನಿಮಗೆ ಸೈಟ್ ಮಾಡಿಕೊಟ್ಟವರ ಹತ್ತಿರ ಒಮ್ಮೆ ಕೇಳಿ. ಮೂಡಲ್ ಕಳಿಸುವ ಇಮೇಲ್ ನಿಮ್ಮ 60 ಜನರಲ್ಲಿ ಎಷ್ಟು ಜನ ತೆರೆದು ನೋಡುತ್ತಾರೆ? ಅದನ್ನೇ ನಂಬಿ ಕೂರಬೇಡಿ.

ಎರಡು ವಾರ ಬರದವರಿಗೆ ಫೋನ್ ಮಾಡಿ. ‘ಯಾಕೆ ಬರಲಿಲ್ಲ’ ಅಂತ ಕೇಳಬೇಡಿ, ಶಾಲೆಯ ನೆನಪಾಗಿ ಹೆದರುತ್ತಾರೆ. ‘ಎಲ್ಲಿ ನಿಂತಿದೆ, ನಾನೇನು ಮಾಡಿಕೊಡಲಿ’ ಅಂತ ಕೇಳಿ. 42 ಜನಕ್ಕೆ ಫೋನ್ ಮಾಡಲು ನಿಮ್ಮ ಸಂಘದ ನಾಲ್ವರಿಗೆ ಎರಡು ಸಂಜೆ ಸಾಕು. ಕೆಲವರು ‘ಇನ್ನು ಆಗುವುದಿಲ್ಲ ಅಕ್ಕ’ ಅನ್ನುತ್ತಾರೆ. ಅವರನ್ನು ಧಾರಾಳವಾಗಿ ತೆಗೆಯಿರಿ, ಅವರಿಗೂ ಹಗುರಾಗುತ್ತದೆ. ಹೊಸಬರು ಸೀಟಿಗಾಗಿ ಕಾಯುತ್ತಿದ್ದಾರೆ ಅಥವಾ ಇಷ್ಟು ಜನಕ್ಕೆ ಇಷ್ಟು ಅಂತ ನೀವು ಹಣ ಕಟ್ಟುವ ಕಡೆ ಮೂಡಲ್ ಇಟ್ಟಿದ್ದೀರಿ ಅಂದರೆ ಜಾಗ ಖಾಲಿ ಮಾಡಲೇಬೇಕಾಗುತ್ತದೆ, ಒಪ್ಪುತ್ತೇನೆ. ಆಗಲೂ ಮೊದಲು ಫೋನ್, ಆಮೇಲೆ ಒಂದು ವಾರ ಬಿಟ್ಟು ತೆಗೆಯುವುದು. ಸ್ವಂತ ಸರ್ವರ್‌ನಲ್ಲಿದ್ದರೆ ಬರದವರ ಹೆಸರು ಪಟ್ಟಿಯಲ್ಲಿರುವುದರಿಂದ ನಿಮಗೆ ಏನು ನಷ್ಟ? ವರದಿಯಲ್ಲಿ ಶೇಕಡಾವಾರು ಕಡಿಮೆ ಕಾಣುತ್ತದೆ, ಅಷ್ಟೇ. ಅನುದಾನ ಕೊಡುವವರು ಕೇಳಿದರೆ ಮೇಲಿನ ಕಾರಣಗಳನ್ನು ಬರೆದು ಕೊಡಿ.

ಮಗಳು ಒಂದು ಕೋಡಿಂಗ್ ಕೋರ್ಸ್‌ಗೆ ಸೇರಿದ್ದಳು. ಮೂರು ತಿಂಗಳಿಂದ ತೆರೆದೇ ಇಲ್ಲ. ಈಗ ‘ಇನ್‌ಆ್ಯಕ್ಟಿವ್’ ಅಂತ ಕೋರ್ಸ್ ಮುಚ್ಚಿದ್ದಾರೆ. ಆದರೆ ನನ್ನ ಖಾತೆಯಿಂದ ತಿಂಗಳು ತಿಂಗಳು ದುಡ್ಡು ಹೋಗುತ್ತಲೇ ಇದೆ. — ಹೊನ್ನಾವರ

ಅಣ್ಣ, ಇವತ್ತೇ ಈ ಕೆಲಸ ಮಾಡಿ. ಯುಪಿಐಯಲ್ಲಿ ಕಟ್ಟುತ್ತಿದ್ದರೆ ನಿಮ್ಮ ಯುಪಿಐ ಆ್ಯಪ್‌ನಲ್ಲಿ ‘ಆಟೋಪೇ’ ಅನ್ನುವ ಜಾಗ ಹುಡುಕಿ, ಅಲ್ಲಿ ಆ ಕಂಪನಿಯ ಹೆಸರು ಕಾಣುತ್ತದೆ, ರದ್ದು ಮಾಡಿ. ಕಾರ್ಡ್ ಆದರೆ ಬ್ಯಾಂಕಿನ ಆ್ಯಪ್‌ನಲ್ಲೋ ಶಾಖೆಯಲ್ಲೋ ಇ-ಮ್ಯಾಂಡೇಟ್, ಅಂದರೆ ತಾನಾಗಿ ಹಣ ಕಡಿಯಲು ನೀವು ಕೊಟ್ಟ ಒಪ್ಪಿಗೆ, ರದ್ದು ಮಾಡಿಸಿ. ಕೋರ್ಸ್ ಮುಚ್ಚುವುದೂ ಕಡಿತ ನಿಲ್ಲುವುದೂ ಬೇರೆ ಬೇರೆ, ಒಂದು ನಿಂತರೆ ಇನ್ನೊಂದು ತಾನಾಗಿ ನಿಲ್ಲುವುದಿಲ್ಲ. ಆ್ಯಪ್ ಅಳಿಸಿದರೂ ನಿಲ್ಲುವುದಿಲ್ಲ.

ಇಂಥ ತಾನಾಗಿ ಆಗುವ ಕಡಿತಕ್ಕೆ 24 ಗಂಟೆ ಮೊದಲು ನಿಮಗೆ ಸಂದೇಶ ಬರಬೇಕು ಅನ್ನುವುದು ರಿಸರ್ವ್ ಬ್ಯಾಂಕ್ ನಿಯಮ. ಹಳೆಯ ಎಸ್‌ಎಂಎಸ್ ನೋಡಿ, ಜಾಹೀರಾತಿನ ನಡುವೆ ಅಡಗಿರುತ್ತದೆ. ಆಮೇಲೆ ಕಂಪನಿಗೆ ಇಮೇಲ್ ಹಾಕಿ: ಕೋರ್ಸ್ ಮುಚ್ಚಿದ ದಿನ ಇದು, ಆಮೇಲೆ ತೆಗೆದುಕೊಂಡ ಹಣ ಇಷ್ಟು, ವಾಪಸ್ ಕೊಡಿ. ಅವರೇ ಬಾಗಿಲು ಹಾಕಿ ಬಾಡಿಗೆ ಕೇಳುವುದು ಯಾವ ನ್ಯಾಯ? ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಿ. ಮಗಳನ್ನು ಬೈಯಬೇಡಿ. ಅವಳಿಗೆ ಆ ಕೋರ್ಸ್ ಹಿಡಿಸಲಿಲ್ಲವೋ, ಎಲ್ಲಿ ಅರ್ಥವಾಗದೆ ನಿಂತಳೋ, ಕೂತು ಕೇಳಿ.

ನಾನು ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ತಾಣ ಸ್ವಯಂನಲ್ಲಿ, ಐಐಟಿಗಳು ನಡೆಸುವ ಎನ್‌ಪಿಟೆಲ್‌ನ 12 ವಾರದ ಕೋರ್ಸ್ ಮಾಡುತ್ತಿದ್ದೇನೆ. ಗಾಳಿಮಳೆಗೆ ನಮ್ಮ ಊರಲ್ಲಿ ಟವರ್ ಕೆಟ್ಟು ಎರಡು ವಾರದ ಅಸೈನ್‌ಮೆಂಟ್ ತಪ್ಪಿತು. ನನ್ನನ್ನು ತೆಗೆದುಹಾಕುತ್ತಾರಾ? — ಯಲ್ಲಾಪುರ

ಇಲ್ಲ, ನೆಮ್ಮದಿಯಾಗಿರಿ. ಎರಡು ವಾರ ಬರಲಿಲ್ಲ ಅಂತ ಅಲ್ಲಿ ಯಾರನ್ನೂ ತೆಗೆಯುವುದಿಲ್ಲ. ತಪ್ಪಿದ ಅಸೈನ್‌ಮೆಂಟ್‌ಗೆ ಕೊನೆಯ ದಿನ ದಾಟಿದರೆ ಮತ್ತೆ ಕೊಡಲಾಗುವುದಿಲ್ಲ, ನಿಜ. ಆದರೆ 12 ವಾರದ ಕೋರ್ಸ್‌ನಲ್ಲಿ ಚೆನ್ನಾಗಿ ಮಾಡಿದ 8 ಅಸೈನ್‌ಮೆಂಟ್ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ನಿಮ್ಮದು ಹೋಗಿರುವುದು ಎರಡು, ಇನ್ನೂ ಎರಡು ಹೋದರೂ ನಡೆಯುತ್ತದೆ. ಸರ್ಟಿಫಿಕೇಟ್‌ಗೆ ಅಸೈನ್‌ಮೆಂಟ್‌ನಲ್ಲಿ 25ಕ್ಕೆ 10, ಪರೀಕ್ಷೆಯಲ್ಲಿ 75ಕ್ಕೆ 30 ಬೇಕು. ಪರೀಕ್ಷೆಗೆ ಬೇರೆಯಾಗಿ ಹೆಸರು ನೋಂದಾಯಿಸಿ ಹಣ ಕಟ್ಟಬೇಕು. ಅದರ ಕೊನೆಯ ದಿನಾಂಕವನ್ನು ಈಗಲೇ ನೋಡಿ ಕ್ಯಾಲೆಂಡರ್ ಮೇಲೆ ಬರೆದಿಡಿ, ಆ ವಾರ ಟವರ್ ಕೆಟ್ಟರೆ ಯಲ್ಲಾಪುರ ಪೇಟೆಗೆ ಬಂದಾದರೂ ಕಟ್ಟಿ. ತಪ್ಪಿದ ಎರಡು ವಾರದ ವೀಡಿಯೊಗಳು ಯೂಟ್ಯೂಬ್‌ನಲ್ಲೂ ಇವೆ, ನೆಟ್ ಸಿಕ್ಕಾಗ ಫೋನ್‌ಗೆ ಇಳಿಸಿಕೊಂಡು ಮನೆಗೆ ಹೋಗಿ ನೋಡಿ.